ಹಾಸನದ 22 ಮಕ್ಕಳನ್ನು ಕಡಲಿಗೆ ಕರೆದೊಯ್ಯಲು ತಮ್ಮ ನೆರವು ಕೋರಿ

ಮಾನ್ಯರೇ,

ಹಾಸನ ನಗರದ ಅಂಚಿನಲ್ಲಿ ಪೋಷಕರೇ ಸೇರಿ ನಡೆಸುತ್ತಿರುವ ನಮ್ಮ ಶಾಲೆಯಲ್ಲಿ ಆಟಿಸಂ, ಅಂದರೆ ಸ್ವಲೀನತೆ ಇರುವ 22 ಮಕ್ಕಳಿದ್ದಾರೆ. ಆಲೂರು, ಅರಕಲಗೂಡು, ಬೇಲೂರು, ಸಕಲೇಶಪುರದ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವವರೂ ಇವರಲ್ಲಿದ್ದಾರೆ. ಈ ಮಕ್ಕಳನ್ನು ಬರುವ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮೂರು ತಂಡಗಳಾಗಿ ಮೂಲ್ಕಿಯ ಕಡಲಿಗೆ ಕರೆದೊಯ್ದು, ನುರಿತ ತರಬೇತುದಾರರ ಜೊತೆಯಲ್ಲಿ ಸರ್ಫಿಂಗ್ ಹಲಗೆಯ ಮೇಲೆ ಅಲೆಯಾಟ ಆಡಿಸಬೇಕೆಂದು ನಿಶ್ಚಯಿಸಿದ್ದೇವೆ. ಅದಕ್ಕಾಗಿ ತಮ್ಮ ಮುಂದೆ ಈ ಮನವಿ ಇಡುತ್ತಿದ್ದೇವೆ.

ಮಾತು ಕಲಿಸುವ ಶಿಕ್ಷಕರಿಗೆ ಸಂಬಳ ಹೊಂದಿಸುವುದೇ ಕಷ್ಟವಾಗಿರುವಾಗ ಕಡಲಾಟಕ್ಕೆ ಹಣ ಕೇಳುವುದು ಸರಿಯೇ ಎಂಬ ಪ್ರಶ್ನೆ ಮೊದಲು ಎದ್ದದ್ದು ನಮ್ಮ ಪೋಷಕರ ಸಭೆಯಲ್ಲೇ. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸಿಕ್ಕಿದ್ದು ಕಳೆದ ಜನವರಿಯಲ್ಲಿ, ಪೋಷಕರೇ ಕೈಯಿಂದ ಹಣ ಹಾಕಿ ಆರು ಮಕ್ಕಳನ್ನು ಮಾತ್ರ ಕರೆದೊಯ್ದಾಗ.

ಆ ಆರು ಮಂದಿಯಲ್ಲಿ 11 ವರ್ಷದ ಒಬ್ಬ ಹುಡುಗನಿದ್ದ. ಅವನಿಗೆ ಮಾತು ಬಂದಿಲ್ಲ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಬರಿಗಾಲಿಗೆ ಹುಲ್ಲು ತಾಗಿದರೂ ಸಹಿಸುವುದಿಲ್ಲ. ಬೆಳಗಿನ ಏಳು ಗಂಟೆಗೆ ಕಡಲ ದಂಡೆಗೆ ಬಂದವನು ಒದ್ದೆ ಮರಳಿನ ಮೇಲೆ ಕಾಲಿಡಲು ಒಪ್ಪದೆ ಮುಕ್ಕಾಲು ಗಂಟೆ ಅಮ್ಮನ ಸೆರಗು ಹಿಡಿದು ನಿಂತೇ ಇದ್ದ. ತರಬೇತುದಾರರು ಅವನನ್ನು ಎಳೆಯಲಿಲ್ಲ, ಪುಸಲಾಯಿಸಲೂ ಇಲ್ಲ. ಹಲಗೆಯನ್ನು ಅವನ ಪಕ್ಕಕ್ಕೆ ತಂದಿಟ್ಟು, ಅದರ ಮೇಲೆ ಬೊಗಸೆಯಿಂದ ನೀರು ಸುರಿಯುತ್ತ ಸುಮ್ಮನೆ ಕುಳಿತರು. ಅವನು ನೀರು ಜಾರುವುದನ್ನು ನೋಡಿದ, ಕೈಯಿಂದ ಮುಟ್ಟಿದ, ಕೊನೆಗೆ ತಾನಾಗಿಯೇ ಹಲಗೆಯ ಮೇಲೆ ಬೋರಲು ಮಲಗಿದ. ಇಬ್ಬರು ಹಲಗೆಯನ್ನು ಎತ್ತಿ ನೀರಿಗೆ ಇಳಿಸಿದರು. ಮೂರನೆಯ ಅಲೆ ದಂಡೆಗೆ ತಂದು ಬಿಟ್ಟಾಗ ಅವನು ತರಬೇತುದಾರರ ಮಣಿಕಟ್ಟು ಹಿಡಿದು ಹಲಗೆಯ ಕಡೆಗೆ ಎಳೆದ. ಮಾತಿಲ್ಲದ ಮಗು ‘ಇನ್ನೊಂದು ಸಲ’ ಎಂದು ಕೇಳುವ ಬಗೆ ಅದು. ಅಪರಿಚಿತರ ಕೈಯನ್ನು ಅವನು ತಾನಾಗಿ ಹಿಡಿದದ್ದನ್ನು ಅವನ ತಾಯಿ ಅಂದಿನವರೆಗೆ ನೋಡಿರಲಿಲ್ಲ.

ಇದು ಪವಾಡವಲ್ಲ, ಇದಕ್ಕೆ ಕಾರಣಗಳಿವೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಸದ್ದು, ಬೆಳಕು, ಸ್ಪರ್ಶಗಳು ನಮಗೆ ತಾಗುವ ಪ್ರಮಾಣದಲ್ಲಿ ತಾಗುವುದಿಲ್ಲ. ಕೆಲವು ವಿಪರೀತವಾಗಿ ತಾಗುತ್ತವೆ, ಕೆಲವು ಸಾಲದೇ ಹೋಗುತ್ತವೆ. ನೀರು ಮೈಯನ್ನು ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಒತ್ತುತ್ತದೆ, ಮತ್ತು ಬಿಗಿಯಾಗಿ ಅಪ್ಪಿಕೊಂಡಾಗ ಸಿಗುವಂಥ ಆ ಒತ್ತಡವು ಎಷ್ಟೋ ಮಕ್ಕಳನ್ನು ಸಮಾಧಾನಗೊಳಿಸುತ್ತದೆ. ಹಲಗೆಯ ಓಲಾಟವು ಒಳಕಿವಿಯ ಸಮತೋಲನದ ಅಂಗಕ್ಕೂ ಸ್ನಾಯು ಕೀಲುಗಳಿಗೂ ಒಟ್ಟಿಗೇ ಕೆಲಸ ಕೊಡುತ್ತದೆ. ಅಲೆಗಳು ಒಂದಾದ ಮೇಲೊಂದರಂತೆ ಬರುವುದರಿಂದ ಕಾಯುವುದು, ಏರುವುದು, ಜಾರಿ ದಂಡೆ ಸೇರುವುದು ಎಂಬ ಕ್ರಮವನ್ನು ಮಗು ಬೇಗ ಗುರುತು ಹಿಡಿಯುತ್ತದೆ. ಮುಂದೇನು ಎಂಬುದು ತಿಳಿದಿದ್ದರೆ ನಮ್ಮ ಮಕ್ಕಳ ಭಯ ಅರ್ಧ ಇಳಿಯುತ್ತದೆ.

ಇಂಥ ಮಕ್ಕಳಿಗೆ ಅಲೆಯಾಟ ಆಡಿಸುವ ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಆಟಗಾರ ಇಜ್ಜಿ ಪಾಸ್ಕೊವಿಟ್ಜ್ ಪ್ರಮುಖರು. ಆಟಿಸಂ ಇದ್ದ ತಮ್ಮ ಮಗ ಐಸೈಯಾ ಕಡಲಿನಲ್ಲಿ ಮಾತ್ರ ಶಾಂತನಾಗುವುದನ್ನು ಕಂಡ ಅವರು ಮತ್ತು ಅವರ ಪತ್ನಿ 1996ರಲ್ಲಿ ‘ಸರ್ಫರ್ಸ್ ಹೀಲಿಂಗ್’ ಸಂಸ್ಥೆಯನ್ನು ಕಟ್ಟಿ, ಇಂಥ ಮಕ್ಕಳಿಗಾಗಿ ಒಂದು ದಿನದ ಉಚಿತ ಶಿಬಿರಗಳನ್ನು ಆರಂಭಿಸಿದರು. ಆದರೆ ಅಲೆಗಾಗಿ ನಾವು ಅಷ್ಟು ದೂರ ನೋಡಬೇಕಾಗಿಲ್ಲ. ನಮ್ಮ ಮೂಲ್ಕಿಯಲ್ಲೇ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಯೇ ನಡೆಯಿತು. ಹಾಸನದಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸರ್ಫಿಂಗ್‌ನಿಂದ ಆಟಿಸಂ ವಾಸಿಯಾಗುವುದಿಲ್ಲ. ವಾಸಿ ಮಾಡುತ್ತೇವೆಂದು ಹೇಳಿ ಹಣ ಕೀಳುವವರನ್ನು ನಮ್ಮ ಪೋಷಕರು ಸಾಕಷ್ಟು ನೋಡಿದ್ದಾರೆ, ಆ ಸಾಲಿಗೆ ನಾವು ಸೇರಲಾರೆವು. ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳು ಸಣ್ಣವು. ನಾವು ಭರವಸೆ ಕೊಡಬಹುದಾದದ್ದು ಮಗುವಿಗೆ ಸಿಗುವ ಸಂತೋಷ, ಒಳ್ಳೆಯ ವ್ಯಾಯಾಮ ಮತ್ತು ತನ್ನಿಂದಲೂ ಆಗುತ್ತದೆ ಎಂಬ ಧೈರ್ಯ, ಇಷ್ಟನ್ನೇ. ನಮ್ಮ ಮಕ್ಕಳ ದಿನವೆಲ್ಲ ಒಂದಲ್ಲ ಒಂದು ತರಬೇತಿಯಲ್ಲೇ ಕಳೆಯುತ್ತದೆ. ಬೇರೆ ಮಕ್ಕಳು ಶಾಲೆ ಬಿಟ್ಟೊಡನೆ ಬಯಲಿಗೆ ಓಡುವ ಹೊತ್ತಿನಲ್ಲಿ ಇವರು ಮಣಿ ಪೋಣಿಸುವುದನ್ನು ಕಲಿಯುತ್ತಿರುತ್ತಾರೆ. ಆಟಿಸಂ ಅನ್ನೂ ಸೇರಿಸಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಕ್ರೀಡೆಯಲ್ಲಿ ಪಾಲ್ಗೊಳ್ಳುವುದನ್ನೂ ಅವರ ಹಕ್ಕುಗಳಲ್ಲಿ ಸೇರಿಸಿದೆ.

ನೀರಿನ ಅಪಾಯ ನಮಗೆ ಗೊತ್ತಿಲ್ಲದ್ದಲ್ಲ. ಇಂಥ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ಬಲವಾಗಿರುತ್ತದೆ. ಕಣ್ಣು ತಪ್ಪಿಸಿ ಮನೆಯಿಂದ ಹೊರಟರೆ ನೇರ ಕೆರೆಯ ಹಾದಿ ಹಿಡಿಯುತ್ತಾರೆ. ಊರಿಗೊಂದು ಕೆರೆಯಿರುವ, ಹೇಮಾವತಿಯ ನಾಲೆಗಳು ಹರಿಯುವ ನಮ್ಮ ಜಿಲ್ಲೆಯಲ್ಲಿ ಇದು ಪ್ರತಿ ತಾಯಿಯ ನಿದ್ದೆಗೆಡಿಸುವ ಚಿಂತೆ. ಆದ್ದರಿಂದ ಕಡಲಿಗೆ ಹೋಗುವ ಮೊದಲು ಎಂಟು ವಾರ ಈಜುಕೊಳದಲ್ಲಿ ತೇಲುವುದನ್ನೂ, ಕರೆದಾಗ ನೀರಿನಿಂದ ಹೊರಗೆ ಬರುವುದನ್ನೂ ಕಲಿಸುವುದು ಈ ಯೋಜನೆಯ ಮುಖ್ಯ ಭಾಗ. ನನ್ನ ದೃಷ್ಟಿಯಲ್ಲಿ ಕಡಲಾಟಕ್ಕಿಂತಲೂ ಮುಖ್ಯ. ಹಿಂದೊಮ್ಮೆ ಒಂದು ಈಜುಕೊಳದಲ್ಲಿ ಇತರರಿಗೆ ತೊಂದರೆಯಾಗುತ್ತದೆಂದು ನಮ್ಮ ಮಕ್ಕಳನ್ನು ಅರ್ಧ ಗಂಟೆಯಲ್ಲೇ ಹೊರಗೆ ಕಳುಹಿಸಿದರು. ಅದಕ್ಕೇ ಈ ಬಾರಿ ನಮಗಾಗಿಯೇ ಒಂದು ಗಂಟೆಯನ್ನು ಬಾಡಿಗೆಗೆ ಪಡೆಯಲು ನಿರ್ಧರಿಸಿದ್ದೇವೆ.

ಕಡಲಿನಲ್ಲಿ ಪ್ರತಿ ಮಗುವಿಗೂ ಇಬ್ಬರು ದೊಡ್ಡವರಿರುತ್ತಾರೆ. ಒಬ್ಬರು ಹಲಗೆಯ ಮೇಲೆ ಮಗುವಿನ ಹಿಂದೆ, ಇನ್ನೊಬ್ಬರು ಸೊಂಟದಾಳದ ನೀರಿನಲ್ಲಿ. ಹಲಗೆಗಳು ಮೆತ್ತನೆಯ ಫೋಮಿನವು. ಲೈಫ್ ಜಾಕೆಟ್ ಇಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ. ಮೂರ್ಛೆರೋಗವಿರುವ ಮಕ್ಕಳಿಗೆ ವೈದ್ಯರ ಒಪ್ಪಿಗೆ ಪತ್ರ ಕಡ್ಡಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ನಮ್ಮ ಮಕ್ಕಳಿಗಲ್ಲ. ಆದ್ದರಿಂದ ಹಾಸನಾಂಬೆಯ ದರ್ಶನದ ದಿನಗಳು ಮುಗಿದ ಮೇಲೆ ಮೊದಲ ತಂಡ ಹೊರಡುತ್ತದೆ.

ಇಲ್ಲಿ ಒಂದು ತೊಡಕಿದೆ. ಅಲೆಗಳು ಸೌಮ್ಯವಾಗಿರುವ ಅದೇ ತಿಂಗಳುಗಳಲ್ಲಿ ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುತ್ತದೆ. ವರ್ಷದಲ್ಲಿ ಹೆಚ್ಚು ಕೂಲಿ ಸಿಗುವ ಆ ದಿನಗಳನ್ನು ಬಿಟ್ಟು ಮಗುವಿನ ಜೊತೆ ಬರುವುದು ತೋಟದ ಕೆಲಸಕ್ಕೆ ಹೋಗುವ ತಾಯಂದಿರಿಗೆ ಸುಲಭವಲ್ಲ, ಅವರಿಲ್ಲದೆ ಮಗು ಬಸ್ಸನ್ನೇ ಹತ್ತುವುದಿಲ್ಲ. ಅಂಥ ಒಂಬತ್ತು ತಾಯಂದಿರಿಗೆ ಎರಡು ದಿನದ ಕೂಲಿಯನ್ನು ಕೊಡಲೇಬೇಕೆಂದು ತೀರ್ಮಾನಿಸಿ, ಅದನ್ನೂ ಖರ್ಚಿನಲ್ಲಿ ಸೇರಿಸಿದ್ದೇವೆ.

ಶಿರಾಡಿ ಘಾಟಿಯಲ್ಲಿ ಬೇಕೆಂದಲ್ಲಿ ನಿಲ್ಲಿಸಬಹುದಾದ ಬಾಡಿಗೆ ಬಸ್ಸು, ಒಂದು ರಾತ್ರಿಯ ತಂಗುವಿಕೆ, ಊಟ, ತರಬೇತುದಾರರ ಸಂಭಾವನೆ, ತಾಯಂದಿರ ಕೂಲಿ ಎಲ್ಲವನ್ನೂ ಸೇರಿಸಿ ಒಂದು ಮಗುವಿಗೆ ಸರಾಸರಿ 6,500 ರೂಪಾಯಿಯಂತೆ 22 ಮಕ್ಕಳಿಗೆ 1,43,000 ರೂಪಾಯಿ ಆಗುತ್ತದೆ. ಈಜುಕೊಳದ ಎಂಟು ವಾರಗಳಿಗೆ 24,000 ರೂಪಾಯಿ ಬೇಕು. ಪೋಷಕರು ತಮ್ಮಲ್ಲೇ 31,000 ರೂಪಾಯಿ ಕೂಡಿಸಿದ್ದಾರೆ. ಉಳಿದ 1,36,000 ರೂಪಾಯಿಗಾಗಿ ತಮ್ಮಲ್ಲಿ ಕೈಚಾಚಿದ್ದೇವೆ.

ಒಂದು ಮಗುವಿನ ಪೂರ್ತಿ ಖರ್ಚನ್ನು ವಹಿಸಿಕೊಳ್ಳಬಹುದು, ಊಟದ ಖರ್ಚನ್ನಷ್ಟೇ ಕೊಡಬಹುದು, 100 ರೂಪಾಯಿ ಕೊಟ್ಟರೂ ರಸೀದಿ ಸಹಿತ ಗೌರವದಿಂದ ಸ್ವೀಕರಿಸುತ್ತೇವೆ. ತೆರಿಗೆ ರಿಯಾಯಿತಿ ಬಯಸುವವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಡಬೇಕಾಗಿ ವಿನಂತಿ. ಹಣವಲ್ಲದೆ ಸಮಯ ಕೊಡಬಲ್ಲವರೂ ನಮಗೆ ಬೇಕು: ಈಜು ಬಲ್ಲವರು ಶನಿವಾರದ ಈಜುಕೊಳದ ತರಗತಿಗೆ ಬಂದು ಒಂದು ಗಂಟೆ ನೀರಿನಲ್ಲಿ ನಿಂತರೆ ದೊಡ್ಡ ಉಪಕಾರವಾಗುತ್ತದೆ. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪ್ರಚಾರಕ್ಕೆ ಬಳಸುವುದಿಲ್ಲವೆಂದು ಪೋಷಕರಿಗೆ ಮಾತು ಕೊಟ್ಟಿರುವುದರಿಂದ ದಾನಿಗಳಿಗೆ ಚಿತ್ರಗಳನ್ನು ಕಳುಹಿಸಲಾರೆವು. ಬದಲಿಗೆ ಮಾರ್ಚ್ ತಿಂಗಳಲ್ಲಿ ಖರ್ಚಿನ ಲೆಕ್ಕವನ್ನು ಬಿಲ್ಲುಗಳ ಸಮೇತ ಶಾಲೆಯಲ್ಲಿ ಮಂಡಿಸುತ್ತೇವೆ. ತಾವು ಬಂದು ನೋಡಬೇಕು. ಹಣ ಉಳಿದರೆ ಅದು ಮುಂದಿನ ವರ್ಷದ ಈಜುಕೊಳದ ಬಾಡಿಗೆಗೆ ಸೇರುತ್ತದೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಪೋಷಕರ ಆಡಳಿತ ಮಂಡಳಿಯ ಪರವಾಗಿ
ಹಾಸನ