ಯೆಜ್ಡಿಗೆ ಹರಳೆಣ್ಣೆ ಹಾಕುವ ಮುನ್ನ

ಗೆಳೆಯರೇ, ಹಳೇ ಮೋಟಾರ್ ರೇಸುಗಳ ಆ ಸಿಹಿಗಟ್ಟು ಹೊಗೆವಾಸನೆ ಪೆಟ್ರೋಲಿನದಲ್ಲ, ಹರಳೆಣ್ಣೆಯದು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ನಮ್ಮ ಹಳೇ ಮೈಸೂರು ಯೆಜ್ಡಿ (ಟೂ-ಸ್ಟ್ರೋಕ್) ಬೈಕಿನಲ್ಲೂ ಅದನ್ನು ಬರಿಸಬಹುದು. ಆದರೆ ಔಷಧಿ ಅಂಗಡಿ ಎಣ್ಣೆ ಬೇಡವೇ ಬೇಡ; ಅಂಟು ತೆಗೆದ ರೇಸಿಂಗ್ ಎಣ್ಣೆಯೇ ಆಗಬೇಕು. ಮೊದಲು ಟ್ಯಾಂಕು, ಕಾರ್ಬ್ಯುರೇಟರ್ ಬೌಲ್ ಎರಡೂ ಖಾಲಿ ಮಾಡಿ. ಉಳಿದ ಮಾಮೂಲಿ 2ಟಿ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಜೊತೆ ಇದು ಸರಿಯಾಗಿ ಬೆರೆಯದು, ಲೋಳೆಯಾಗಿ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಬಿಡುತ್ತದೆ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ, ಅಂದರೆ 25:1. ಬೇರೆ ಕ್ಯಾನಿನಲ್ಲಿ ಚೆನ್ನಾಗಿ ಕುಲುಕಿ ಸುರಿದು, ಅಂದೇ ಓಡಿಸಿ ಮುಗಿಸಿ. ಚಳಿಗೆ ಎಣ್ಣೆ ತಳ ಸೇರುತ್ತದೆ. ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರಲಿ. ಪಿಸ್ಟನ್ ರಿಂಗ್ ಅಂಟುವುದು, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುವುದು ಈ ಘಮದ ಖಾಯಂ ಬಾಡಿಗೆ, ಹಾಗಾಗಿ ದಿನಬಳಕೆಗೆ 2ಟಿಯೇ ಇರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಮೂಸುತ್ತಾ ನಿಲ್ಲಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.