ಪೊರೆ ಶಸ್ತ್ರಕ್ರಿಯೆ: ಹಿಂಬದಿ ಕ್ಯಾಪ್ಸೂಲ್ ಹರಿಯದಂತೆ

ಕಾಸರಗೋಡು, ಮಂಜೇಶ್ವರ ಭಾಗದ ಕಣ್ಣಿನ ಡಾಕ್ಟರರಿಗೂ ಥಿಯೇಟರ್ ಸಿಬ್ಬಂದಿಗೂ ನಮಸ್ಕಾರ.

ಹಿಂಬದಿ ಕ್ಯಾಪ್ಸೂಲ್, ಅಂದರೆ ಕಣ್ಣಿನ ಮಸೂರದ ಚೀಲದ ಹಿಂಭಾಗ, ನಡುವಿನಲ್ಲಿ ಸುಮಾರು 4 ಮೈಕ್ರಾನ್ ಮಾತ್ರ ದಪ್ಪ. ರೆಕ್ಸಿಸ್ (ಚೀಲದ ಮುಂಭಾಗದಲ್ಲಿ ಮಾಡುವ ದುಂಡು ತೆರಪು) 5ರಿಂದ 5.5 ಮಿ.ಮೀ. ಇರಲಿ, ಬಿಳಿ ಪೊರೆಯಾದರೆ ಟ್ರೈಪಾನ್ ಬ್ಲೂ ಬಣ್ಣ ಹಾಕಿಯೇ ಶುರುಮಾಡಿ. ಹೈಡ್ರೊಡಿಸೆಕ್ಷನ್‌ನಲ್ಲಿ (ದ್ರವ ಬಿಟ್ಟು ಪೊರೆಯನ್ನು ಚೀಲದಿಂದ ಬಿಡಿಸುವಾಗ) ದ್ರವ ಸ್ವಲ್ಪಸ್ವಲ್ಪವೇ ಬಿಡಿ, ಪ್ರತಿಸಲ ನ್ಯೂಕ್ಲಿಯಸ್ಸನ್ನು (ಪೊರೆಯ ಗಟ್ಟಿ ತಿರುಳನ್ನು) ಮೆಲ್ಲಗೆ ಒತ್ತಿ ಹಿಂದೆ ಸಿಕ್ಕಿದ ದ್ರವವನ್ನು ಹೊರಬಿಡಿ. ಪೋಸ್ಟೀರಿಯರ್ ಪೋಲಾರ್ ಪೊರೆಗೆ (ಹಿಂಬದಿ ಕ್ಯಾಪ್ಸೂಲಿನ ನಡುವಿಗೇ ಅಂಟಿದ ಪೊರೆಗೆ) ಇದು ಬೇಡವೇ ಬೇಡ, ತಿರುಳನ್ನಷ್ಟೇ ದ್ರವದಿಂದ ಬಿಡಿಸುವ ಹೈಡ್ರೊಡೆಲಿನಿಯೇಷನ್ ಸಾಕು.

ತಿರುಳನ್ನು ಒಡೆದು ಹೀರುವಾಗ ಕೊನೆಯ ತುಂಡಿನಲ್ಲಿ ಅಪಾಯ ಹೆಚ್ಚು. ಪ್ರೋಬಿನ (ಹೀರುವ ಸಾಧನದ) ಟಿಪ್ಪಿಗೆ ಕಚ್ಚಿದ ತುಂಡು ಥಟ್ಟನೆ ಒಳಹೋದರೆ ಸರ್ಜ್ ಆಗಿ, ಅಂದರೆ ಒಮ್ಮೆಲೇ ದ್ರವ ಹೀರಿಹೋಗಿ, ಕ್ಯಾಪ್ಸೂಲ್ ಟಿಪ್ಪಿನತ್ತ ಮೇಲೆ ನುಗ್ಗುತ್ತದೆ. ವ್ಯಾಕ್ಯೂಮ್ (ಹೀರುವ ಬಲ) ಮೊದಲೇ ತಗ್ಗಿಸಿ, ತುಂಡಿನ ಹಿಂದೆ ವಿಸ್ಕೊ (ರಕ್ಷಣೆಗೆ ತುಂಬುವ ಲೋಳೆಯಂಥ ಜೆಲ್) ತುಂಬಿ.

ಕ್ಯಾಪ್ಸೂಲ್ ಹರಿಯಿತೆಂದು ಅನಿಸಿದರೆ ಪ್ರೋಬ್ ಕೂಡಲೇ ಹೊರಗೆಳೆಯಬೇಡಿ, ಚೇಂಬರ್ (ಕಣ್ಣಿನ ಮುಂಭಾಗದ ಕೋಣೆ) ಕುಸಿದು ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆ) ಮುಂದೆ ಬರುತ್ತದೆ. ಪೆಡಲ್ ಮೊದಲ ಹಂತದಲ್ಲಿರಲಿ, ಅಂದರೆ ದ್ರವ ಒಳಬರುವುದಷ್ಟೇ ನಡೆಯಲಿ. ಸೈಡ್ ಪೋರ್ಟಿನಿಂದ (ಬದಿಯ ಸಣ್ಣ ತೂತಿನಿಂದ) ವಿಸ್ಕೊ ತುಂಬಿದ ಮೇಲೆಯೇ ಪ್ರೋಬ್ ತೆಗೆಯಿರಿ.

ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರೇ ಎಂದು ಮುಂಚೆಯೇ ಕೇಳಿ. ಮಾತ್ರೆ ನಿಲ್ಲಿಸಿದ್ದರೂ ಶಸ್ತ್ರಕ್ರಿಯೆಯ ನಡುವೆ ಪಾಪೆ ಕುಗ್ಗಬಹುದು.

ಇನ್ನೊಂದು, ಡ್ರಾಪ್ಸ್ ಅರಿವಳಿಕೆಯಲ್ಲಿ ರೋಗಿ ತಲೆ ಆಡಿಸಿದರೂ ಕ್ಯಾಪ್ಸೂಲ್ ಹರಿಯಬಹುದು. ನಮ್ಮಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಇದೆ. ಕೆಮ್ಮು ಬಂದರೆ ಮೊದಲೇ ಬಾಯಲ್ಲಿ ಹೇಳಬೇಕೆಂದು ಅವರವರ ಮಾತಿನಲ್ಲೇ, ಮುಖಕ್ಕೆ ಬಟ್ಟೆ ಹೊದಿಸುವ ಮುನ್ನ ತಿಳಿಸಿ.