ಫೋನಿನಲ್ಲಿ ಹೇಳದೆ ಉಳಿದದ್ದು

ವೇಲ್ಸ್, ಭಾನುವಾರ ರಾತ್ರಿ

ಅವ್ವಗ, ಅಪ್ಪಗ ಶರಣು.

ಮೊನ್ನೆ ಫೋನಿನಲ್ಲಿ "ಪಿಕ್ನಿಕ್‌ಗೆ ಹೋಗಿದ್ದೆ, ಆರಾಮ ಇದ್ದೆ" ಅಂದೆನಲ್ಲ, ಅದು ಅರ್ಧ ಸುಳ್ಳು. ಪೂರ್ತಿ ಹೇಳಿದ್ದರೆ ಅವ್ವ ಅಲ್ಲೇ ಕಣ್ಣೀರು ಹಾಕುತ್ತಿದ್ದಳು. ಅದಕ್ಕೇ ಈ ಕಾಗದ. ಅವ್ವ, ಅಪ್ಪ ಓದುತ್ತಾರೆ, ನೀ ಸುಮ್ನೆ ಕೇಳು. ನಡುವೆ ಬೈಬೇಡ.

ಹೋಗಿದ್ದು ಐದು ದಿನದ ಸಾಹಸ ಕೋರ್ಸಿಗೆ. ಇಂಥ ಕೋರ್ಸು ಶುರುವಾದದ್ದೇ ಈ ವೇಲ್ಸ್‌ನ ಅಬರ್‌ಡವಿ ಎಂಬ ಊರಿನಲ್ಲಿ, 1941ರಲ್ಲಿ. ಯುದ್ಧದಲ್ಲಿ ಹಡಗು ಮುಳುಗಿದರೆ ಗಟ್ಟಿಮುಟ್ಟಾದ ಹುಡುಗರು ಬೇಗ ಸಾಯುತ್ತಿದ್ದರಂತೆ, ವಯಸ್ಸಾದ ನಾವಿಕರು ಬದುಕಿ ಬರುತ್ತಿದ್ದರಂತೆ. ಹುಡುಗರಿಗೆ ತಾಳಿಕೆ ಕಲಿಸಬೇಕು ಅಂತ ಕರ್ಟ್ ಹಾನ್ ಎಂಬ ಮಾಸ್ತರು ಇದನ್ನು ಶುರು ಮಾಡಿದರು. ಈ ಸಾಲನ್ನು ಆಯಿ ಮುಂದೆ ಓದಬೇಡಿ. "ನಾ ಹೇಳಿದ್ದಿಲ್ಲೇನು" ಅಂತ ವಾರಗಟ್ಟಲೆ ಹೇಳುತ್ತಾಳೆ.

ಎರಡನೇ ದಿನ ಹಳ್ಳಕ್ಕೆ ಇಳಿಸಿದರು. ಬೀದರಿನಲ್ಲಿ ಈಗ ಫ್ಯಾನ್ ಕೂಡ ಬಿಸಿ ಗಾಳಿ ಊದುತ್ತಿರಬೇಕು, ಅಲ್ವಾ? ಇಲ್ಲಿ ಮೇ ತಿಂಗಳಲ್ಲೂ ನೀರು ಬರಿ ಐಸು. ದಪ್ಪ ರಬ್ಬರ್ ಸೂಟು, ಹೆಲ್ಮೆಟ್, ಲೈಫ್ ಜಾಕೆಟ್ ಹಾಕಿಕೊಂಡು ಹರಿವಿಗೆ ಎದುರಾಗಿ ನಡೆಯಬೇಕು. ಒಂದು ಕಡೆ ಬಂಡೆಗಳು ಎರಡೂ ಬದಿಯಿಂದ ಒತ್ತಿ ಬಂದವು, ನೀರು ಎದೆಗೆ ಬಂತು. ಒಳಗೆ ಎಳೆದ ಉಸಿರು ಹೊರಗೆ ಬರಲೇ ಇಲ್ಲ. ಬಾಯಿ ತೆರೆದು ನಿಂತುಬಿಟ್ಟೆ. ಹಿಂದಿದ್ದ ಹುಡುಗಿ ಏನೋ ಹೇಳುತ್ತಿದ್ದಳು, ಕಿವಿಗೆ ಬೀಳಲಿಲ್ಲ.

ಅಪ್ಪ, ಆಗ ನೆನಪಾದದ್ದು ನಮ್ಮ ಬೀದರಿನ ಝರಣಿ ನರಸಿಂಹನ ಗುಹೆ ಗುಡಿ. ನನಗೆ ಆರು ವರ್ಷ. ಆ ಸುರಂಗ, ನಿಮ್ಮ ಎದೆಮಟ್ಟ ನೀರು, ಮೇಲೆ ಬಾವಲಿಗಳು, ನಾನು ನಿಮ್ಮ ಹೆಗಲ ಮೇಲೆ. ಕಿರುಚಿ ಕಿರುಚಿ ನಿಮ್ಮ ಕೂದಲು ಜಗ್ಗಿದ್ದೆ. "ಮೇಲೆ ನೋಡಬ್ಯಾಡ, ಮುಂದಿನವರ ಬೆನ್ನು ನೋಡು" ಅಂದಿದ್ದಿರಿ. ಇಲ್ಲೂ ಬೆನ್ನೇ ನೋಡಿದೆ. ಕೆಂಪು ಜಾಕೆಟ್ಟು, ಅದರ ಮೇಲೆ ಬಿಳಿ ಬಣ್ಣದಲ್ಲಿ 14. ಒಂದು ಅಂಚು ಸುಲಿದಿತ್ತು. ಆ 14 ನೋಡ್ತಾ ನೋಡ್ತಾ ದಾಟಿದೆ. ಅಳುತ್ತಲೇ ದಾಟಿದೆ, ಹೇಳಿಬಿಡ್ತೀನಿ.

ನಾಲ್ಕನೇ ದಿನ ಕಾಡೆರ್ ಇಡ್ರಿಸ್ ಬೆಟ್ಟ, 893 ಮೀಟರ್. ನಕ್ಷೆ, ಕಂಪಾಸು ನನ್ನ ಕೈಯಲ್ಲಿ. ಮಂಜು ಇಳಿದಿತ್ತು. ಕುರಿ ಓಡಾಡಿದ ಜಾಡನ್ನೇ ದಾರಿ ಅಂದುಕೊಂಡು ಮುಕ್ಕಾಲು ಗಂಟೆ ಎಲ್ಲರನ್ನೂ ಕೆಸರಿನಲ್ಲಿ ನಡೆಸಿದೆ. ನಮ್ಮ ಜೊತೆಗಿದ್ದ ಮೇಡಂ ನೋಡುತ್ತಿದ್ದರು, ತುಟಿ ಬಿಚ್ಚಲಿಲ್ಲ. ಕೊನೆಗೆ ನಾನೇ ನಿಂತು "ದಾರಿ ತಪ್ಪಿಸಿದ್ದೀನಿ" ಅನ್ನಬೇಕಾಯಿತು. ಆ ತಣ್ಣೀರಿಗಿಂತ ಇದು ಜಾಸ್ತಿ ಕಷ್ಟ.

ಯಾರೂ ಬೈಯಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆವು. ಅವ್ವ, ನಿನ್ನ ಕಡಕ್ ರೊಟ್ಟಿ ಚೀಲದಲ್ಲಿ ಚೂರು ಚೂರಾಗಿತ್ತು. ಶೇಂಗಾ ಹಿಂಡಿ ಉದುರಿಸಿ ಎಲ್ಲರಿಗೂ ಕೊಟ್ಟೆ. ಆ 14 ನಂಬರ್ ಜಾಕೆಟ್ಟಿನ ಹುಡುಗ ಖಾರಕ್ಕೆ ಮೂಗು ಒರೆಸಿಕೊಂಡ, ಮತ್ತೆ ಕೈ ಚಾಚಿದ. ಆಮೇಲೆ ತುದಿಯನ್ನೂ ಮುಟ್ಟಿದೆವು. ಅಲ್ಲಿಂದ ಏನೂ ಕಾಣಲಿಲ್ಲ, ಬರೀ ಮಂಜು.

ಈ ಬೆಟ್ಟದ ಮೇಲೆ ರಾತ್ರಿ ಮಲಗಿದವರು ಕವಿಯಾಗಿ, ಇಲ್ಲಾ ಹುಚ್ಚರಾಗಿ ಏಳ್ತಾರೆ ಅಂತ ಇಲ್ಲಿಯ ಜನ ಹೇಳುತ್ತಾರೆ. ನಾವು ಟೆಂಟು ಹಾಕಿದ್ದು ಕೆಳಗೆ. ಚಿಂತೆ ಬೇಡ.

ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಬಿದ್ದು ಹೋಗಬಹುದು. ವಿಡಿಯೋ ಕಾಲ್‌ನಲ್ಲಿ ಕಾಲು ತೋರಿಸು ಅನ್ನಬೇಡಿ.

ನಿಮ್ಮ ಸಣ್ಣಾಕಿ